ಓಬಳಪ್ಪನ ಹೊಲದ ಕರೆಂಟು

ಮಧುಗಿರಿಯ ಕೋರ್ಟಿನ ಎದುರು ಸಾಲಿನಲ್ಲಿ ಓಬಳಪ್ಪಣ್ಣನ ಕಂಪ್ಯೂಟರ್ ಮತ್ತು ಜೆರಾಕ್ಸ್ ಅಂಗಡಿಯನ್ನು ಯಾರೂ ಕೇಳಿಕೊಂಡು ಹುಡುಕಬೇಕಾಗಿಲ್ಲ. ಮಟಮಟ ಮಧ್ಯಾಹ್ನದಲ್ಲೂ ಬೋರ್ಡಿನ ಲೈಟು ಉರಿಯುವ ಅಂಗಡಿ ಅದೊಂದೇ. ಒಳಗೆ ಮೂರು ಕಂಪ್ಯೂಟರ್ ಇವೆ, ಕೂತು ಕೆಲಸ ಮಾಡುವವಳು ನಾನೊಬ್ಬಳೇ. ಉಳಿದೆರಡು ಬೆಳಗ್ಗೆಯಿಂದ ಸಂಜೆವರೆಗೆ ಪರದೆಯ ಮೇಲೆ ಮೀನು ಈಜಾಡಿಸಿಕೊಂಡು ಆರಾಮಾಗಿರುತ್ತವೆ. ಗಿರಾಕಿ ಇಲ್ಲದಿದ್ದರೂ ಜೆರಾಕ್ಸ್ ಮಷೀನು ಬಿಸಿಯಾಗಿರಬೇಕು, ಖಾಲಿ ಬೆಂಚಿಗೂ ಫ್ಯಾನು ತಿರುಗುತ್ತಿರಬೇಕು.

ಓಬಳಪ್ಪಣ್ಣ ಪಾವಗಡ ತಾಲ್ಲೂಕಿನ ಬಲಸಮುದ್ರದವರು. ಅವರ ಆರು ಎಕರೆ ಹೊಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋದ ಮೇಲೆ ಕುರಿ ಮಾರಿ, ಇಲ್ಲಿಗೆ ಬಂದು ಅಂಗಡಿ ಇಟ್ಟರು. ಹೊಲ ಬಿಟ್ಟು ಬಂದರೂ ಹೊಲದ ಯಜಮಾನಿಕೆ ಬಿಟ್ಟಿರಲಿಲ್ಲ.

“ಅಣ್ಣಾ, ಆ ಎರಡು ಕಂಪ್ಯೂಟರ್ ಆಫ್ ಮಾಡ್ಲಾ? ಸುಮ್ನೆ ಕರೆಂಟ್ ದಂಡ,” ಎಂದರೆ ಸಾಕು, ಎದೆ ಉಬ್ಬಿಸುತ್ತಿದ್ದರು.

“ಯಾರ್ ಕರೆಂಟಮ್ಮಾ ಅದು? ನಮ್ ಹೊಲದ್ದು ಕಣಮ್ಮ. ನಮ್ ಹೊಲದಾಗ್ ಬೆಳೆದಿದ್ದಕ್ಕೆ ನನ್ನೇ ಕೇಳ್ತೀಯಲ್ಲ!”

“ಅದು ಎಲ್ಲೆಲ್ಲಿಗೋ ಹೋಗ್ತದಣ್ಣ. ಮಧುಗಿರಿಗೇ ಬರ್ತದೆ ಅಂತ ಏನ್ ಗ್ಯಾರಂಟಿ?”

“ಡೈರಿಗೆ ಹಾಲ್ ಹಾಕಲ್ವಾ? ಎಲ್ಲಾರ್ದೂ ಬೆರೀತದೆ. ಅಂಗಂತ ನಮ್ಮೆಮ್ಮೆ ಹಾಲು ಅದ್ರಾಗಿಲ್ಲ ಅಂತೀಯಾ?”

“ಹಾಲ್ ಹಾಕಿದೋರು ಡೈರಿ ನಲ್ಲೀನ ಸುಮ್ನೆ ಸುರಿಯೋಕೆ ಬಿಟ್ಟು ಮನೆಗೋಗ್ತಾರಾ?”

ಆಗ ಅವರಿಗೆ ಇದ್ದಕ್ಕಿದ್ದಂತೆ ಕಿವಿ ಮಂದವಾಗುತ್ತಿತ್ತು.

ಕುರಿ ಮೇಯಿಸುತ್ತಿದ್ದಾಗ ಇದೇ ಮನುಷ್ಯ ಒಂದು ಹಿಡಿ ಹಿಕ್ಕೆಯನ್ನೂ ದಾರಿಪಾಲು ಮಾಡುತ್ತಿರಲಿಲ್ಲವಂತೆ. ಹಟ್ಟಿ ಗುಡಿಸಿ, ಜರಡಿ ಹಿಡಿದು, ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತಿದ್ದರೆಂದು ಅವರ ಹೆಂಡತಿ ಗಿರಿಯಮ್ಮನೇ ಹೇಳಿದ್ದರು. ಅಂಥವರು ಪ್ರಿಂಟರ್ ಮುಂದೆ ನಿಂತದ್ದೇ ಕರ್ಣನಾಗಿಬಿಟ್ಟರು. ಒಂದು ಪಹಣಿ ಕೇಳಿದವರಿಗೆ ಎರಡು, ‘ಇರ್ಲಿ, ಒಂದು ಎಕ್ಸ್‌ಟ್ರಾ.’ ನಾನು ಹಾಳೆಯ ಎರಡೂ ಬದಿಗೆ ಪ್ರಿಂಟ್ ತೆಗೆದರೆ ಗಿರಾಕಿಯ ಎದುರೇ ನನ್ನನ್ನು ಜಿಪುಣಿ ಎನ್ನುತ್ತಿದ್ದರು. ಅವರು ಟೀಗೆ ಹೋದಾಗ ನಾನು ಸ್ವಿಚ್ಚುಗಳನ್ನು ಆರಿಸುವುದು, ಅವರು ಬಂದು ಹಾಕುವುದು. ಏಳು ವರ್ಷ ಹೀಗೇ ನಡೆಯಿತು. ಅವರನ್ನು ತಿದ್ದಲಾಗಲಿಲ್ಲ, ಬೈಯುವುದನ್ನು ನಾನು ಬಿಡಲಿಲ್ಲ.

ಇನ್ನು ನನ್ನ ವಿಷಯ. ನಾನು ಲಕ್ಷ್ಮೀದೇವಿ, ಕೊಳಾಲದಿಂದ ದಿನಾ ಬಸ್ಸಿನಲ್ಲಿ ಬರುವವಳು. ನಮ್ಮೂರ ಹತ್ತಿರವೇ ಗ್ರಂಥಾಲಯದ ಒಂದು ಹುದ್ದೆಗೆ ಅರ್ಜಿ ಕರೆದಿದ್ದರು. ಮುಂದಿನ ತಿಂಗಳು ನನ್ನ ವಯಸ್ಸು ಮಿತಿ ದಾಟುತ್ತಿತ್ತು. ಇದು ತಪ್ಪಿದರೆ ಸರ್ಕಾರಿ ಕೆಲಸದ ಆಸೆಗೆ ಎಳ್ಳುನೀರು ಬಿಡಬೇಕು. ಕೊನೆಯ ಗಡುವು ಶುಕ್ರವಾರ ಸಂಜೆ ಐದೂವರೆ. ಊರವರ ಅರ್ಜಿಗಳನ್ನೆಲ್ಲ ಮೊದಲ ದಿನವೇ ತುಂಬಿ ಕಳಿಸಿದವಳು ನನ್ನದನ್ನು ಶುಕ್ರವಾರಕ್ಕೆ ತಂದಿಟ್ಟುಕೊಂಡಿದ್ದೆ. ಮನೆಗೆ ಮಾರಿ, ಊರಿಗೆ ಉಪಕಾರಿ. ಪೂರ್ತಿ ನನ್ನದೇ ತಪ್ಪು ಎನ್ನುವಂತೆಯೂ ಇಲ್ಲ. ಆ ವಾರ ನಾನು ಅರ್ಜಿ ತೆರೆದಾಗಲೆಲ್ಲ ಓಬಳಪ್ಪಣ್ಣನಿಗೆ ಏನಾದರೊಂದು ಅರ್ಜೆಂಟ್ ಕೆಲಸ ನೆನಪಾಗುತ್ತಿತ್ತು.

ಶುಕ್ರವಾರ ನಾಲ್ಕೂವರೆಗೆ ಹಟ ಹಿಡಿದು ಕೂತೆ. ಅರ್ಧ ತುಂಬುವಷ್ಟರಲ್ಲಿ ಬೀದಿಗೆಲ್ಲ ಕರೆಂಟ್ ಹೋಯಿತು. ಅಂಗಡಿಯ ಭಾರವೆಲ್ಲ ಇನ್ವರ್ಟರ್ ಮೇಲೆ ಬಿತ್ತು. ಮೂರು ಕಂಪ್ಯೂಟರ್, ಎರಡು ಫ್ಯಾನ್, ಪ್ರಿಂಟರು, ಬೋರ್ಡು, ದೇವರ ಫೋಟೋಗೆ ಸುತ್ತಿದ ಬಣ್ಣದ ದೀಪದ ಸರ, ಎಲ್ಲಕ್ಕೂ ಅದೊಂದೇ ಬ್ಯಾಟರಿ. ಐದೂಕಾಲಿಗೆ ಅದು ಕುಂಯ್ ಕುಂಯ್ ಎನ್ನತೊಡಗಿತು. ನನ್ನ ಅರ್ಜಿಯಲ್ಲಿ ಫೋಟೋ ಮತ್ತು ಸಹಿ ಸೇರಿಸುವುದು ಬಾಕಿ ಇತ್ತು.

“ಅಣ್ಣಾ, ಎಲ್ಲಾ ಆರ್ಸಿ! ಬ್ಯಾಟರಿ ಹೋಗ್ತದೆ, ನನ್ ಅರ್ಜಿ ಹೋಗ್ತದೆ!”

ಅವರು ನಿಂತಲ್ಲೇ ನಿಂತರು. ಬೋರ್ಡು ಆರಿಸಲು ಸಂಕಟವಾಗುತ್ತಿದೆ ಎಂದುಕೊಂಡು ನನಗೆ ಮೈಯೆಲ್ಲ ಉರಿಯಿತು. “ಅಣ್ಣಾ!” ಎಂದು ಇನ್ನೊಮ್ಮೆ ಕೂಗಿದೆ.

ಆಮೇಲೆ ನೋಡಬೇಕಿತ್ತು ಅವರನ್ನು. ಪಂಚೆ ಎತ್ತಿ ಕಟ್ಟಿದರು. ಫ್ಯಾನು ಆರಿತು, ಮೀನುಗಳು ಮಾಯವಾದವು, ಬೋರ್ಡು ಸತ್ತಿತು. ದೇವರ ಸರದ ಸ್ವಿಚ್ಚಿಗೆ ಮೊದಲು ಕೈಮುಗಿದು, ತಪ್ಪಾಯ್ತು ಅಂದು, ಅದನ್ನೂ ಆರಿಸಿದರು. ಏಳು ವರ್ಷ ಒಂದು ಸ್ವಿಚ್ಚನ್ನೂ ಆರಿಸದ ಕೈಗೆ ಈಗ ತಡೆಯೇ ಇಲ್ಲ. ನಾನು ಸಹಿ ಸೇರಿಸಿ ಕಳಿಸುವ ಗುಂಡಿ ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಕೊನೆಗೆ, ಇಂಟರ್ನೆಟ್ ಇಲ್ಲ ಎಂದು ಬಂತು.

“ಆ ಮೂಲೇಲಿ ಹಸಿರು ಡಬ್ಬ ಒಂದು ಮಿಣಿಮಿಣಿ ಅಂತಿತ್ತು,” ಅಂದರು ಹೆಮ್ಮೆಯಿಂದ. “ಅದ್ನೂ ಆರ್ಸ್‌ಬುಟ್ಟೆ.”

“ಅಯ್ಯೋ, ಅದೇ ಇಂಟರ್ನೆಟ್ಟು ಅಣ್ಣಾ!”

ಕೈಗೆ ಬಂದ ತುತ್ತು ಬಾಯಿಗೆ ಬಾರದ ಸ್ಥಿತಿ. ಅವರು ಓಡಿಹೋಗಿ ಮತ್ತೆ ಹಾಕಿದರು. ಅದು ಸರಿಯಾಗಿ ಕಣ್ಣು ಬಿಡಲು ಮೂರು ನಿಮಿಷ ಬೇಕು. ಗಡಿಯಾರ ಐದು ಇಪ್ಪತ್ಮೂರು ತೋರಿಸುತ್ತಿತ್ತು. ಓಬಳಪ್ಪಣ್ಣ ಡಬ್ಬದ ಮುಂದೆ ಕುಕ್ಕರಗಾಲಲ್ಲಿ ಕೂತು, ಮರಿ ಹಾಕುವ ಕುರಿಯನ್ನು ಕಾಯುವ ಹಾಗೆ ಅದನ್ನೇ ನೋಡುತ್ತ, “ರಾವಮ್ಮಾ ತಲ್ಲಿ, ಬಾರಮ್ಮಾ,” ಎಂದು ತೆಲುಗು, ಕನ್ನಡ ಎರಡರಲ್ಲೂ ಬೇಡಿಕೊಂಡರು.

ಐದು ಇಪ್ಪತ್ತೇಳಕ್ಕೆ ಅರ್ಜಿಯ ಸಂಖ್ಯೆ ಬಂತು. ನಾನು ಅದರ ಫೋಟೋ ಹೊಡೆದುಕೊಂಡೆ. ಮರುನಿಮಿಷವೇ ಇನ್ವರ್ಟರ್ ಕೊನೆಯ ಬಾರಿ ಕುಂಯ್ ಎಂದು ಸುಮ್ಮನಾಯಿತು. ನನಗೆ ಅಳುವೂ ಬಂತು, ನಗುವೂ ಬಂತು.

ಬಾಗಿಲಿಂದ ಬರುತ್ತಿದ್ದ ಬಿಸಿಲಲ್ಲಿ ಇಬ್ಬರೂ ಬೆಂಚಿನ ಮೇಲೆ ಕೂತೆವು. ಅವರು ನನ್ನ ಮುಖ ನೋಡದೆ ಹೇಳಿದರು: “ನಾಕು ದಿನದಿಂದ ನಿನ್ನ ಬೇಕಂತ್ಲೇ ಕೆಲಸ ಹೇಳಿ ಎಬ್ಬಿಸ್ತಿದ್ದೆ ಕಣಮ್ಮ. ಈ ಅರ್ಜಿ ಹೋಗೋದೇ ಬ್ಯಾಡ ಅನ್ನಿಸ್ತಿತ್ತು. ಈಗ್ಲೂನೂವೆ, ನೀನು ಆರ್ಸಿ ಅಂದಾಗ, ಒಂದ್ ಗಳಿಗೆ ಸುಮ್ನೆ ನಿಂತ್ಬುಟ್ಟೆ. ನೀನ್ ಹೋದ್ರೆ ಇಲ್ಲಿ ನನ್ನ ಬೈಯೋರ್ ಯಾರು?”

ನನಗೆ ಕೋಪ ಬಂದದ್ದು ನಿಜ. ಇನ್ನೊಂದು ಗಳಿಗೆ ಅವರು ಹಾಗೇ ನಿಂತಿದ್ದರೆ ನನ್ನ ಬದುಕಿನ ಕೊನೆಯ ಅರ್ಜಿ ಅಲ್ಲೇ ಮುಳುಗುತ್ತಿತ್ತು. ಬೈಯಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

“ಕೆಲಸ ಸಿಕ್ಕೇ ಸಿಗ್ತದೆ ಅಂತ ಏನಿಲ್ಲ ಅಣ್ಣ,” ಅಂದೆ.

“ಸಿಗ್ತದೆ ಬುಡು.”

ಆರು ಗಂಟೆಗೆ ಕರೆಂಟ್ ಬಂತು. ಅವರು ಎದ್ದು ನನ್ನ ಮೇಜಿನ ದೀಪ ಒಂದನ್ನೇ ಹಾಕಿದರು. ಉಳಿದದ್ದನ್ನು ಮುಟ್ಟಲಿಲ್ಲ. ತಪ್ಪಾಗಿ ಪ್ರಿಂಟಾದ ಹಾಳೆಗಳ ಕಟ್ಟಿನಿಂದ ಒಂದನ್ನು ಎಳೆದು, ಮಗುಚಿ, ಖಾಲಿ ಬದಿ ಮೇಲಾಗಿ ನನ್ನ ಮುಂದಿಟ್ಟರು. ಯಾವ ಸ್ವಿಚ್ಚು ಯಾವುದರದು, ಯಾವುದನ್ನು ಯಾವಾಗ ಆರಿಸಬೇಕು, ಎಲ್ಲ ಬರೆದು ಗೋಡೆಗೆ ಅಂಟಿಸು ಎಂದರು.

ನಾನು ಪ್ರಿಂಟರಿನಿಂದ ಶುರು ಮಾಡಿದೆ. ಅವರು ಹೆಗಲ ಮೇಲಿಂದ ಬಗ್ಗಿ ನೋಡಿದರು.

“ದೊಡ್ಡಕ್ಷರದಾಗ್ ಬರಿಯಮ್ಮ,” ಅಂದರು. “ತಿಳೀದಿದ್ರೆ ಕೇಳಾಣ ಅಂದ್ರೆ ನೀನಿರಾಕಿಲ್ಲ.”