ನಾನೇ ಜೋಡಿಸಿದ ಬಲ್ಬು ಮಿಟುಕುತ್ತಿತ್ತು

ನನ್ನ ಹೆಂಡತಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು. ಮೂರು ತಿಂಗಳಿಂದ ಅವಳಿಗೆ ತಲೆನೋವು. ಮಿಷನ್ ಮುಂದೆ ಕೂತು ಅರ್ಧ ಗಂಟೆ ಆಗುವಷ್ಟರಲ್ಲಿ ಹಣೆ ಒತ್ತಿಕೊಳ್ಳುತ್ತಿದ್ದಳು, ಕಣ್ಣು ಉಜ್ಜಿಕೊಳ್ಳುತ್ತಿದ್ದಳು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಕಣ್ಣಿಗೇನೂ ಆಗಿಲ್ಲ ಎಂದು ಕಳಿಸಿದರು. "ಮತ್ತೆ? ಎಲ್ಲಾ ನಿನ್ನ ಮನಸ್ಸಿಂದು ಕಣೇ" ಎಂದೆ ನಾನು. ಅವತ್ತು ಬಾಯಿ ಮುಚ್ಚಿಕೊಂಡಿದ್ದರೆ ಇವತ್ತು ಈ ಕಥೆ ಹೇಳುವಾಗ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಅವಳ ಹೊಲಿಗೆ ಕೋಣೆಗೆ ಕಿಟಕಿಯಿಲ್ಲ. ಹಗಲಲ್ಲೂ ಬಲ್ಬು ಬೇಕು. ಗೋಡೆಯಾಚೆ ಹಿಟ್ಟಿನ ಗಿರಣಿ ಇರುವುದರಿಂದ ಮಿಷನ್ನಿನ ಸದ್ದು ಅವಳ ಕಿವಿಗೇ ಬೀಳುವುದಿಲ್ಲ. ಒಂದು ದಿನ ಬೆಳಗ್ಗೆ "ಅಯ್ಯೋ!" ಎಂದು ಕೂಗಿದ್ದು ಕೇಳಿ ಓಡಿದೆ. ಸೂಜಿ ಅವಳ ತೋರುಬೆರಳಿನ ಉಗುರಿಗೇ ಇಳಿದಿತ್ತು.

"ಚಕ್ರ ನಿಂತಿತ್ತು ರೀ. ಕಣ್ಣಾರೆ ನೋಡ್ದೆ. ದಾರ ಸಿಕ್ಕೊಂಡು ನಿಂತ್ಹೋಯ್ತು ಅಂದ್ಕೊಂಡು ಪೆಡಲ್ ಮೇಲಿಂದ ಕಾಲು ತೆಗೀದೆ ಸೂಜಿ ಹತ್ರ ಕೈ ಹಾಕ್ದೆ. ನಿಂತೇ ಇರ್ಲಿಲ್ಲ, ಓಡ್ತಾ ಇತ್ತು!"

ಗಾಯಕ್ಕೆ ಚುಚ್ಚುಮದ್ದು ಹಾಕಿಸಿ, ಪಟ್ಟಿ ಕಟ್ಟಿಸಿಕೊಂಡು ಬಂದ ಮೇಲೆ ಅವಳು ಅಳಲಿಲ್ಲ. ಹಳೇ ಮಿಷನ್ ಕೊಳ್ಳುವವನಿಗೆ ಫೋನ್ ಮಾಡಿದಳು. ಸಂಜೆ ನಾಲ್ಕಕ್ಕೆ ಬಂದು ಒಯ್ಯುತ್ತೇನೆ ಎಂದನಂತೆ. ಹದಿನೇಳನೇ ವಯಸ್ಸಿನಿಂದ ತುಳಿದ ಮಿಷನ್ ಅದು, ಮೋಟಾರು ಹಾಕಿಸಿದ್ದು ಆಮೇಲೆ. "ನನ್ನ ಕಣ್ಣನ್ನೇ ನಂಬಕ್ಕಾಗ್ದೆ ಇದ್ಮೇಲೆ ಯಾಕ್ರೀ ಇದು?" ಎಂದಳು.

ಅಷ್ಟರಲ್ಲಿ ತನ್ನ ಮಗಳ ಸಮವಸ್ತ್ರ ಕೇಳಿಕೊಂಡು ಟೆಸ್ಟರಕ್ಕ ಬಂದಳು. ಬೀದಿ ಕೊನೆಯಲ್ಲಿ ಫ್ಯಾನು, ಮಿಕ್ಸಿ ರಿಪೇರಿ ಮಾಡುವವಳು. ತುರುಬಿಗೆ ಕರೆಂಟು ನೋಡುವ ಟೆಸ್ಟರ್ ಸಿಕ್ಕಿಸಿಕೊಂಡೇ ಓಡಾಡುತ್ತಾಳೆ, ಅದಕ್ಕೇ ಆ ಹೆಸರು. ನಡೆದದ್ದನ್ನೆಲ್ಲ ಕೇಳಿ ಅವಳು ಬೆರಳು ನೋಡಲಿಲ್ಲ, ತಲೆ ಎತ್ತಿ ಬಲ್ಬು ನೋಡಿದಳು.

"ಈ ಬಲ್ಬು ಹಾಕಿ ಎಷ್ಟು ದಿನ ಆಯ್ತು ತಂಗೀ?"

"ಮೂರು ತಿಂಗಳಾಯ್ತಕ್ಕ. ಇವ್ರೇ ಮಾಡಿದ್ದು."

ಹೌದು, ನಾನು ಎಲ್‌ಇಡಿ ಬಲ್ಬು ಜೋಡಿಸುವವನು. ಮನೆ ಮುಂದಿನ ಕೋಣೆಯೇ ನನ್ನ ಕಾರ್ಖಾನೆ. ಹೆಂಡತಿಗೆಂದು ಎಲ್ಲಕ್ಕಿಂತ ಹೆಚ್ಚು ಪ್ರಕಾಶದ ಬಲ್ಬು ಮಾಡಿಕೊಟ್ಟಿದ್ದೆ, ಜಂಬದಿಂದ.

"ಬಲ್ಬು ಚೆನ್ನಾಗೇ ಉರೀತಿದೆಯಲ್ಲಕ್ಕ! ಒಂದು ಚೂರೂ ಮಿಟುಕಲ್ಲ" ಎಂದೆ.

"ನಿನ್ನ ಕಣ್ಣಿಗೆ ಮಿಟುಕಲ್ಲಪ್ಪಾ. ಫೋನ್ ತೆಗಿ, ಕ್ಯಾಮೆರಾ ಬಲ್ಬಿನ ಕಡೆ ಹಿಡಿ."

ಹಿಡಿದೆ. ಪರದೆಯ ತುಂಬ ಕಪ್ಪು ಪಟ್ಟಿಗಳು ಹರಿದಾಡುತ್ತಿದ್ದವು.

"ಫೋನೇ ಸರಿ ಇಲ್ವೇನೋ" ಎಂದೆ, ಬಿಟ್ಟುಕೊಡದೆ.

"ಓಹೋ, ಈಗ ಫೋನಿಂದು ತಪ್ಪು!" ಎಂದು ನಕ್ಕ ಅವಳು ಒಂದು ಪೆನ್ಸಿಲ್ ತಗೊಂಡು ಬಲ್ಬಿನ ಕೆಳಗೆ ಬೀಸಣಿಗೆಯಂತೆ ಆಡಿಸಿದಳು. ಒಂದು ಪೆನ್ಸಿಲ್ ಹತ್ತು ಪೆನ್ಸಿಲ್ಲಾಗಿ ಬಿಡಿಬಿಡಿಯಾಗಿ ಕಂಡಿತು. ಅಂಗಳದ ಬಿಸಿಲಿಗೆ ಹೋಗಿ ಹಾಗೇ ಆಡಿಸಿದಳು. ಅಲ್ಲಿ ಬರೀ ಮಬ್ಬು ಗೆರೆ.

"ಕಂಡ್ಯಾ? ನಿನ್ನ ಬಲ್ಬು ಸೆಕೆಂಡಿಗೆ ನೂರು ಸಲ ಮಂಕಾಗಿ ಮತ್ತೆ ಹೊತ್ಕೊಳ್ತಿದೆ. ಕಣ್ಣಿಗೆ ಗೊತ್ತಾಗಲ್ಲ, ಆದ್ರೆ ಕೆಲವ್ರಿಗೆ ತಲೆ ಸಿಡಿಯುತ್ತೆ. ಆ ಮಿಟುಕಿಗೂ ಚಕ್ರದ ವೇಗಕ್ಕೂ ತಾಳ ಕೂಡಿದ್ರೆ, ಓಡೋ ಚಕ್ರ ನಿಂತಂಗೆ ಕಾಣುತ್ತೆ. ಇವಳ ಕಣ್ಣು ಸುಳ್ಳು ಹೇಳಿಲ್ಲ, ನಿನ್ನ ಬೆಳಕು ಹೇಳಿದ್ದು."

ಸ್ವಿಚ್ ಆರಿಸಿ, ಬಲ್ಬು ಕಳಚಿ, ಮುಚ್ಚಳ ತೆಗೆದು, ಒಳಗೆ ಉಳಿದ ಕರೆಂಟು ಇಳಿಸಿದೆವು. "ಈ ಕೆಪಾಸಿಟರ್ ಯಾಕಿಷ್ಟು ಪುಟ್ಟದು?" ಎಂದಳು ಟೆಸ್ಟರಕ್ಕ.

ನನ್ನ ಮುಖ ಹುಳ್ಳಗಾಯಿತು. ನಕ್ಷೆಯಲ್ಲಿ ಇದ್ದದ್ದು ದೊಡ್ಡದೇ. ಅದನ್ನು ನೆಟ್ಟಗೆ ನಿಲ್ಲಿಸಿದರೆ ಮುಚ್ಚಳ ಕೂರುತ್ತಿರಲಿಲ್ಲ. ಬಲ್ಬು ಉರಿದರೆ ಸಾಕಲ್ಲ ಎಂದು ಗಿಡ್ಡದು ಹಾಕಿಬಿಟ್ಟಿದ್ದೆ.

"ಹಾಗಂದ್ರೆ ಏನಕ್ಕ?" ಹೆಂಡತಿ ಕೇಳಿದಳು.

"ಮನೆ ಮೇಲಿನ ನೀರಿನ ಟ್ಯಾಂಕ್ ಇದ್ದಂಗೆ ಕಣೇ. ಕರೆಂಟು ಒಂದೇ ಸಮ ಬರಲ್ಲ, ಬಿಟ್ಟುಬಿಟ್ಟು ಬರುತ್ತೆ. ಟ್ಯಾಂಕ್ ದೊಡ್ಡದಿದ್ರೆ ನಲ್ಲಿ ಸಮನಾಗಿ ಸುರಿಯುತ್ತೆ. ನಿನ್ನ ಗಂಡ ಟ್ಯಾಂಕ್ ಜಾಗದಲ್ಲಿ ಲೋಟ ಇಟ್ಟವ್ನೆ."

ಹೆಂಡತಿ ನನ್ನತ್ತ ನೋಡಿದಳು. ಆ ನೋಟ ಬೇಡ ಬಿಡಿ.

ದೊಡ್ಡ ಕೆಪಾಸಿಟರನ್ನೇ ತಂದೆ. ನಿಲ್ಲಿಸುವ ಬದಲು ಅದರ ಕಾಲು ಬಾಗಿಸಿ, ಒಂದಕ್ಕೊಂದು ತಾಗದಂತೆ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಅಡ್ಡ ಮಲಗಿಸಿ ಬೆಸುಗೆ ಹಾಕಿದೆ. ಮುಚ್ಚಳ ಟಕ್ಕೆಂದು ಕೂತಿತು. ಇಷ್ಟೇ ಕೆಲಸ! ಬಲ್ಬು ಹಾಕಿ ನೋಡಿದರೆ ಫೋನಿನಲ್ಲಿ ಒಂದು ಪಟ್ಟಿಯೂ ಇಲ್ಲ.

ಹೆಂಡತಿ ಪಟ್ಟಿ ಕಟ್ಟಿದ ಬೆರಳನ್ನು ದೂರವಿಟ್ಟು ಪೆಡಲ್ ಒತ್ತಿದಳು. ಚಕ್ರ ಚಕ್ರದಂತೆಯೇ ತಿರುಗಿತು. ಅವಳು ಒಂದು ಕಾಲರ್ ಹೊಲಿದಳು, ಇನ್ನೊಂದು ಹೊಲಿದಳು. ಒಂದು ಗಂಟೆಯಾದರೂ ಕೈ ಹಣೆಗೆ ಹೋಗಲಿಲ್ಲ. ನಾನಂತೂ ಬಾಗಿಲ ಬಳಿ ನಿಂತು ಅವಳ ಕೈಯನ್ನೇ ನೋಡುತ್ತಿದ್ದೆ. ಹೋದ ಜೀವ ಬಂದಂತಾಯಿತು.

ನಾಲ್ಕಕ್ಕೆ ಮಿಷನ್ ಕೊಳ್ಳುವವನು ಬಂದ. ಅವಳು ತಲೆ ಎತ್ತದೆಯೇ, "ಕ್ಷಮಿಸಣ್ಣಾ, ಕೊಡಲ್ಲ. ನನ್ ಕಣ್ಣು ಚೆನ್ನಾಗಿದೆ" ಎಂದಳು. ಟೆಸ್ಟರಕ್ಕ ಗೊಳ್ಳೆಂದು ನಕ್ಕಳು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಒಟ್ಟಿಗೆ ಬಂತು.

ಆದರೆ ನಾನೇ ಮಾರಿದ ಅಂಥದ್ದೇ ಬಲ್ಬು ಪಕ್ಕದ ಬೀದಿಯ ಬಡಗಿಯ ತಿರುಗುವ ಗರಗಸದ ಮೇಲೂ ಉರಿಯುತ್ತಿದೆ ಎಂದು ನೆನಪಾದದ್ದೇ ತಡ, ಚಪ್ಪಲಿ ಹಾಕದೆ ಓಡಿದೆ. ದೇವರು ದೊಡ್ಡವನು, ಬಡಗಿಯ ಹತ್ತೂ ಬೆರಳು ಇದ್ದವು. ಅವತ್ತಿನಿಂದ ಮನೆಮನೆ ತಿರುಗಿ ನಾನು ಮಾರಿದ ಬಲ್ಬುಗಳನ್ನು ಬದಲಿಸುತ್ತಿದ್ದೇನೆ. ಇನ್ನೂ ಮುಗಿದಿಲ್ಲ.

ಅದಕ್ಕೇ ನಿಮ್ಮಲ್ಲಿ ಕೇಳಿಕೊಳ್ಳುವುದು. ಇದನ್ನು ಓದುತ್ತಿರುವ ಜಾಗದಲ್ಲೇ ಫೋನಿನ ಕ್ಯಾಮೆರಾ ಬಲ್ಬಿಗೆ ಹಿಡಿಯಿರಿ. ಪೆನ್ಸಿಲ್ ಆಡಿಸಿಯೂ ನೋಡಿ. ದಪ್ಪ ಪಟ್ಟಿ ಕಂಡರೆ, ಪೆನ್ಸಿಲ್ ಬಿಡಿಬಿಡಿಯಾದರೆ, ಆ ಬಲ್ಬಿನ ಕೆಳಗೆ ಓದಬೇಡಿ, ಹೊಲಿಯಬೇಡಿ, ತಿರುಗುವ ಯಂತ್ರದ ಹತ್ತಿರವಂತೂ ಬೇಡವೇ ಬೇಡ. ನೀವೇ ಬಿಚ್ಚಲು ಹೋಗಬೇಡಿ, ಬಲ್ಬು ಬದಲಿಸಿ. ಆಮೇಲೂ ತಲೆನೋವು ಹೋಗದಿದ್ದರೆ ಡಾಕ್ಟರ ಬಳಿ ಹೋಗಿ. ಆ ಬಲ್ಬು ನಾನು ಮಾಡಿದ್ದೇ ಆಗಿದ್ದರೆ ನನ್ನ ಬಾಗಿಲಿಗೆ ತನ್ನಿ. ಬೈಯುತ್ತಲೇ ಬನ್ನಿ, ಆದರೆ ಇವತ್ತೇ ಬನ್ನಿ.