ಹಳದಿ ಫ್ರಾಕಿಗೆ ಎಪ್ಪತ್ತು

ಸೂತಕ ಕಳೆದ ಸಿಹಿಯೂಟದ ಮರುದಿನ ಬೆಳಿಗ್ಗೆ ನೆರೆಯವರು ಯಾರೂ ಎಂದಿನಂತೆ ಪಿಠ್ಲ-ಭಾಕರಿ ಊಟ ತಂದುಕೊಡಲಿಲ್ಲ. ಚಹಾ ನಾನೇ ಮಾಡಿಕೊಂಡೆ. ರೂಢಿಯಿಂದ ಎರಡು ಕಪ್ ಆಯಿತು. ಎರಡನ್ನೂ ಕುಡಿದೆ.

ನನ್ನ ಗಂಡ ಸೌಮಿತ್ರ ಮನಶ್ಶಾಸ್ತ್ರದ ಮೇಷ್ಟ್ರು. ಅತ್ಯಾಚಾರವಾದಾಗ ಜನ ತಪ್ಪನ್ನು ಯಾರ ತಲೆಗೆ ಕಟ್ಟುತ್ತಾರೆ ಎಂಬುದು ಅವನ ಸಂಶೋಧನೆ. ಕೋಥ್ರೂಡಿನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹೆಂಗಸರಿಗೆ ಒಂದು ಘಟನೆ ಓದಲು ಕೊಟ್ಟಿದ್ದ. ಜೊತೆಗೆ ಮುಖ ಮಸುಕಾಗಿಸಿದ ಫೋಟೊ. ಅರ್ಧ ಜನರಿಗೆ ಚೂಡಿದಾರದ ಹುಡುಗಿ, ಉಳಿದವರಿಗೆ ಗಿಡ್ಡ ಹಳದಿ ಫ್ರಾಕಿನವಳು. ಘಟನೆ ಮಾತ್ರ ಅದೇ. ನೂರರಲ್ಲಿ ಅವಳ ತಪ್ಪೆಷ್ಟು, ಬರೆಯಬೇಕು. ಬರೆಯುವ ತನಕ ಅದು ನಿಜವೆಂದೇ ನಂಬಿರಬೇಕು. ಆಮೇಲೆ ಎಲ್ಲರನ್ನೂ ಕೂರಿಸಿ ಕಟ್ಟುಕತೆಯೆಂದು ಹೇಳಿಬಿಡುವುದು ಆ ಕಸುಬಿನ ನಿಯಮ. ಭಾನುವಾರ ಹೇಳುವವನಿದ್ದ. ಶುಕ್ರವಾರ ಬ್ಯಾಡ್ಮಿಂಟನ್ ಆಡುತ್ತ ಕುಸಿದು ಸತ್ತ. ಪಾಯಿಂಟ್ ಮಾತ್ರ ಗೆದ್ದಿದ್ದನಂತೆ.

ಹೀಗೆ ಕಟ್ಟುಕತೆ ನಿಜವಾಗಿಯೇ ಉಳಿಯಿತು. ಫ್ರಾಕು ಕೆಳಮನೆಯ ಕೇತಕಿಯಿಂದ ಎರವಲು ತಂದದ್ದು. ಗಣಪತಿ ಹಬ್ಬದಲ್ಲಿ ಅವಳು ಅದನ್ನು ತೊಟ್ಟಿದ್ದನ್ನು ಸೊಸೈಟಿಯೆಲ್ಲ ನೋಡಿತ್ತು; ಫೋಟೊದವಳು ಅವಳೇ ಎಂದುಕೊಂಡಿತು.

ಎರಡನೇ ಕಪ್ಪು ತೊಳೆಯುವಾಗ ನಮಗೆಲ್ಲ ಚಿಕ್ಕಮ್ಮನಂತಿರುವ ಪೇಂಡ್ಸೆ ಕಾಕು ಬಂದರು. ಕೇತಕಿಯ ಮನೆಯ ಒಡತಿ ಅವರೇ.

“ಮುಕ್ತಾ, ಆ ಹುಡುಗಿಗೆ ಮನೆ ಖಾಲಿ ಮಾಡು ಅಂದ್ಬಿಟ್ಟೆ ಕಣೇ. ಪಾಪ, ಆಗಿದ್ದು ಆಯ್ತು. ಆದ್ರೆ ಅಂಥಾ ಬಟ್ಟೆ ಹಾಕ್ಕೊಂಡು ತಿರುಗಿದ್ರೆ ಇನ್ನೇನಾಗುತ್ತೆ?”

“ಎಷ್ಟು ಬರೆದಿದ್ರಿ ಕಾಕು?”

“ನಾನು ಎಪ್ಪತ್ತು. ಆ ಲೇಲೆ ತೊಂಬತ್ತು ಬರೆದ್ಲು. ಅವಳಿಗೆ ಕರುಣೆ ಕಮ್ಮಿ.”

“ಮಾಡಿದವನಿಗೆ?”

“ಅವನ ಫೋಟೊ ಇರ್ಲಿಲ್ವಲ್ಲ!”

“ಅದು ಕಟ್ಟುಕತೆ ಕಾಕು.”

“ದುಃಖ ನಿನ್ನ ತಲೆಗೇರಿದೆ. ಸೌಮಿತ್ರ ಸುಳ್ಳು ಹೇಳೋನಲ್ಲ.”

ಸತ್ತ ಮೇಲೆ ಅವನಿಗೆ ಸಿಕ್ಕ ಹೊಗಳಿಕೆಗಳಲ್ಲಿ ಇದೇ ಹೆಚ್ಚು ತೊಂದರೆಯದು.

ಒಳಗೆ ಹೋಗಿ ಬೀರುವಿನಿಂದ ಫ್ರಾಕು ತೆಗೆದು ತೊಟ್ಟೆ. ಬೆನ್ನಿನ ಜಿಪ್ಪು ಅರ್ಧಕ್ಕೇ ನಿಂತಿತು. ಫೋಟೊ ತೆಗೆದ ದಿನ ಎಳೆದುಕೊಟ್ಟವನು ಈಗಿಲ್ಲ. ಹಾಗೆಯೇ ಬಂದು, ಫೋಟೊಗೆ ನಿಂತಂತೆ ಬಾಗಿಲಿಗೆ ಒರಗಿದೆ. ಮೊಣಕಾಲಲ್ಲಿ ಬಾಣಲೆ ಸುಟ್ಟ ಹಳೆಯ ಗುರುತಿದೆ. ಮುಖ ಮಸುಕಾಗಿಸಿದ ಮಹಾಶಯನಿಗೆ ಮೊಣಕಾಲು ನೆನಪಾಗಿರಲಿಲ್ಲ.

“ಅಗ್ಗಬಾಯೀ! ಈ ಗುರುತು ಫೋಟೊದಲ್ಲೂ ಇತ್ತು. ನಿನಗಾ ಆಗಿದ್ದು?”

“ಯಾರಿಗೂ ಏನೂ ಆಗಿಲ್ಲ. ಚೂಡಿದಾರದವಳೂ ನಾನೇ. ಅವಳಿಗೆ ಯಾರೂ ಎಪ್ಪತ್ತು ಕೊಡ್ಲಿಲ್ಲ.”

ಕಾಕು ಕುರ್ಚಿ ಎಳೆದುಕೊಂಡು ಕುಳಿತರು.

“ಅಂದ್ರೆ... ಏನೂ ಆಗ್ದಿರೋ ಹುಡುಗೀನ ನಾನು ಓಡಿಸ್ತಿದೀನಾ?”

“ಆಗಿದ್ರೆ ಓಡಿಸಬಹುದಿತ್ತಾ?”

ಕಾಕು ಎದ್ದು ಬಂದು, “ತಿರುಗು,” ಎಂದು ನನ್ನ ಜಿಪ್ಪನ್ನು ಮೇಲಿನವರೆಗೂ ಎಳೆದರು. “ಅವಳಿಗೆ ಹೇಳು, ಮನೆ ಬಿಡೋದು ಬೇಡ ಅಂತ.”

“ನೀವೇ ಬಂದು ಹೇಳಿ.”

“ಬರ್ತೀನಿ ನಡಿ. ಆದ್ರೂ ಫ್ರಾಕು ಸ್ವಲ್ಪ ಗಿಡ್ಡಾನೇ ಬಿಡು.”

ಇಬ್ಬರೂ ಮೆಟ್ಟಿಲಿಳಿದೆವು. ಗಿಡಗಳಿಗೆ ನೀರು ಹಾಕುತ್ತಿದ್ದ ಲೇಲೆ ವಹಿನಿ ನನ್ನನ್ನು ನೋಡುತ್ತ ತಮ್ಮ ಕಾಲಿಗೇ ನೀರು ಹಾಕಿಕೊಂಡರು.

ಕೇತಕಿ ಬಾಗಿಲು ತೆರೆದಳು. ಹಿಂದೆ ಅರ್ಧ ಕಟ್ಟಿದ ಚೀಲಗಳು. ಕಾಕು ಮುಂದೆ ಬಂದರು. “ಚೀಲ ಬಿಚ್ಚು ಮಗಳೇ. ನಂದೇ ತಪ್ಪು.”

“ಎಷ್ಟು?” ಎಂದೆ.

“ಸುಮ್ನಿರೇ. ಪೂರ್ತಿ!”

ಕೇತಕಿ ನನ್ನ ಫ್ರಾಕನ್ನೇ ನೋಡುತ್ತಿದ್ದಳು. “ವಹಿನಿ, ಇದು...”

“ನಿಂದೇ. ಕೊಡೋಕೆ ಬಂದೆ.”

“ಹಾಕ್ಕೊಂಡೇ?”

“ಒಂದು ನೈಟಿ ಕೊಡು.”

ಜಿಪ್ಪನ್ನು ಅವಳೇ ಇಳಿಸಿದಳು. ನಾನು ಫ್ರಾಕನ್ನು ಮಡಚಿ ಅವಳ ಕೈಗಿಟ್ಟೆ.