ಅಂದಾನಪ್ಪನ ಗದ್ದಿಗೆ

ಮೊಬೈಲಿನ ಪರದೆಯ ಮೇಲೆ ಜಪಾನಿ ಮುದುಕ ನಕ್ಕ. ಅದಕ್ಕೆ ಮುಖ ಹಚ್ಚಿ ಕುಳಿತಿದ್ದ ಸಿದ್ದವ್ವನೂ ಬೊಚ್ಚುಬಾಯಿ ತೆರೆದು ನಕ್ಕಳು.

"ನಮ್ಮಪ್ಪ ಏನರ ಚ್ಯಾಷ್ಟಿ ಮಾಡಿರಬೇಕು, ಅದಕ್ಕ ನಗಾಕ್ಹತ್ಯಾನ. ಹೌದಿಲ್ರೀ ಅಕ್ಕೋರ?"

ಮಹೇಶ್ವರಿ ವಿಡಿಯೊ ನಿಲ್ಲಿಸಿದಳು. ವಿದ್ಯಾಗಿರಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಅವಳು, ಎರಡನೇ ಮಹಾಯುದ್ಧಕ್ಕೆ ಹೋಗಿಬಂದ ಜಪಾನಿ ಸೈನಿಕರು ಮುಪ್ಪಿನಲ್ಲಿ ಏನೇನು ನೆನೆಯುತ್ತಾರೆ ಎಂಬುದರ ಸಂಶೋಧನೆಗೆ ಬಿದ್ದು ವರ್ಷಗಳಾಗಿದ್ದವು. ಆ ಭಾಷೆಯನ್ನೂ ಕಲಿತಿದ್ದಳು. ಈ ಮುದುಕ ಸಾಯುವ ಮುಂಚೆ ಕ್ಯಾಮೆರಾದ ಮುಂದೆ ಕುಳಿತು, ಪಪುವಾದಲ್ಲಿ ತಾನು ಕಾವಲಿದ್ದ ಕೈದಿಯೊಬ್ಬನನ್ನು ನೆನೆದಿದ್ದ. ಹೆಸರು ಅಂದಾನಪ್ಪ, ಎಡಗಾಲಿಗೆ ಆರು ಬೆರಳು. ಸೈನ್ಯದ ಹಳೇ ಪಟ್ಟಿಗಳಲ್ಲಿ ಆ ಹೆಸರು ಹುಡುಕುತ್ತ ಮರೋಳ ಎಂಬ ಹಳ್ಳಿಗೆ ಬಂದರೆ, ತಾನಿನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ ತಂದೆ ಬ್ರಿಟಿಷರ ಪಲ್ಟಣ ಸೇರಿದನೆಂದ ಸಿದ್ದವ್ವನ ಎಡಗಾಲಲ್ಲೂ ಆರು.

ಅಂದಾನಪ್ಪನ ಹೆಣ ಊರಿಗೆ ಬಂದಿರಲಿಲ್ಲ. ಅವನ ರುಮಾಲನ್ನೇ ಮನೆಯ ಹಿಂದಿನ ಹೊಲದಲ್ಲಿ ಮಣ್ಣು ಮಾಡಿ ಗದ್ದಿಗೆ ಕಟ್ಟಿದ್ದರು. ಅದರ ಪಕ್ಕದಲ್ಲೇ ಸಿದ್ದವ್ವ ತನಗೂ ಜಾಗ ಗುರುತು ಮಾಡಿಸಿದ್ದಳು.

"ಒಂದ ಮಾತು ಹೇಳ್ರಿ. ಸಾಯೂಮುಂದ ಕೊರಳಾಗ ಲಿಂಗ ಇತ್ತಿಲ್ಲೋ?"

ಇತ್ತು ಅಂದರೆ ಮುಗಿಯುತ್ತಿತ್ತು. ಆದರೆ ತನ್ನ ಪುಸ್ತಕದಲ್ಲಿ ಅವನ ಹೆಸರು ಅಚ್ಚಾಗಲು ಮಗಳ ಒಪ್ಪಿಗೆ ಬೇಕು. ಮುಚ್ಚಿಟ್ಟು ಪಡೆದದ್ದು ಒಪ್ಪಿಗೆಯೇ? ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಹೇಶ್ವರಿ ಇದನ್ನೇ ತಿರುವಿ ಮುರುವಿ ನೋಡಿದ್ದಳು. ಹೇಳಿಬಿಟ್ಟಳು.

ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸದ ಹೊರತು ಅಂದಾನಪ್ಪ ಗಂಜಿ ಮುಟ್ಟುತ್ತಿರಲಿಲ್ಲ. ಕಾವಲಿನವರಿಗೆ ಅದೊಂದು ಆಟವಾಯಿತು. ಲಿಂಗ ಕಿತ್ತು ಸಮುದ್ರಕ್ಕೆಸೆದರು. ಅವನು ಉಣ್ಣುವುದು ಬಿಟ್ಟ. ಏಳಲಾರದೆ ಬಿದ್ದ ಮೇಲೆ ಒಂದು ಹೊಳೆಗಲ್ಲನ್ನು ಅರಿವೆಯಲ್ಲಿ ಸುತ್ತಿ, ನಿನ್ನದು ಸಿಕ್ಕಿತು ತಗೋ ಎಂದು ಕೈಗಿಟ್ಟರು. ಅವನು ಅದನ್ನು ಕಣ್ಣಿಗೊತ್ತಿಕೊಂಡ, ಅತ್ತ, ಗಂಜಿ ಕುಡಿದ. ಮುದುಕ ನಕ್ಕದ್ದು ಇಲ್ಲಿ. ಮುಂದಿನ ಮಳೆಗಾಲದಲ್ಲಿ ಅಂದಾನಪ್ಪ ಸತ್ತ.

"ನಿತ್ರಾಣದಾಗ ಅವರಿಗೆ ಗೊತ್ತಾಗಿರಲಿಕ್ಕಿಲ್ರಿ," ಎಂದಳು ಮಹೇಶ್ವರಿ.

"ಗೊತ್ತಾಗದೇನ? ಹುಟ್ಟಿದಾಗಿಂದ ಲಿಂಗ ಹಿಡದ ಅಂಗೈ ಅದು. ಗೊತ್ತಿದ್ದ ಉಂಡಾನ."

"ಹಸದಿದ್ರು, ಅಮ್ಮಾ. ಭಾವ ಇದ್ರ ಕಲ್ಲೂ ಲಿಂಗನ ಅಲ್ರಿ?"

"ನಿನ್ನ ಶಾಣ್ಯಾತನ ಸಾಲ್ಯಾಗ ಇಟಗೊ. ನಮ್ಮವ್ವ ಮೈಯಾಗ ಜ್ವರಿದ್ರೂ ಆ ಗದ್ದಿಗಿಗೆ ಎಡಿ ಹಿಡದ ಮ್ಯಾಲೆ ತುತ್ತು ಎತ್ತತಿದ್ಲು, ಸಾಯೂತನಕ. ಅಕಿಗೆ ಹಸುವಿರಲಿಲ್ಲೇನ?" ಸಿದ್ದವ್ವ ಬಾಗಿಲಲ್ಲಿ ನಿಂತಿದ್ದ ಮಗನತ್ತ ತಿರುಗಿದಳು. "ಸಂಗ್ಯಾ, ಹಾರಿ ತಗೊಂಡ ನಡಿ. ಕಿತ್ತ ಒಗಿ ಅದನ್ನ."

"ಯವ್ವಾ, ಹುಚ್ಚ ಹಿಡದೈತೇನ? ನಿಮ್ಮಪ್ಪ ಅಂವ."

"ಅಪ್ಪನ ಮಾರಿ ನಾ ಕಂಡಿಲ್ಲ. ಕಂಡದ್ದು ಆ ಗದ್ದಿಗಿ ಒಂದ. ನೀ ಕೀಳದಿದ್ರ ನಾನ ಕೀಳ್ತೇನಿ. ನನ್ನ ಅದರ ಬಾಜೂಕ ಹುಗದೀರಿ ಅಂದ್ರ ನೋಡ್ರಿ ಮತ್ತ!"

ಸಂಗಮೇಶ ಮೂಲೆಯ ಹಾರೆ ಎತ್ತಿಕೊಂಡ. ಮಹೇಶ್ವರಿಯನ್ನು ದಾಟುವಾಗ ಒಂದು ಕ್ಷಣ ನಿಂತ.

"ಇಷ್ಟ ವರ್ಷ ತಣ್ಣಗ ಮಲಗಿದ್ನರೀ ಮುತ್ಯಾ. ನೀವು ಬಂದ್ರಿ."

ಹಿತ್ತಲ ಕಡೆಯಿಂದ ಕಲ್ಲಿಗೆ ಹಾರೆ ಬಡಿಯುವ ಸದ್ದು ಬರತೊಡಗಿತು. ಓಡಿಹೋಗಿ ತಡೆಯಬೇಕು ಅನ್ನಿಸಿತು ಮಹೇಶ್ವರಿಗೆ. ಏಳಲಿಲ್ಲ.

"ಒಪ್ಪಿಗಿ ಬೇಕಂದಿದ್ದೆಲ್ಲ?" ಸಿದ್ದವ್ವ ಹೆಬ್ಬೆರಳು ಚಾಚಿದಳು. "ಹಾಕ್ಕೋ ಹೆಸರ. ನಮಗ ಇನ್ನ ಅದು ಬೇಕಾಗಿಲ್ಲ."

ಮಹೇಶ್ವರಿ ಆ ಬೆರಳನ್ನೇ ನೋಡಿದಳು. ಆಮೇಲೆ ಚೀಲದಿಂದ ಶಾಯಿಯ ಡಬ್ಬಿ ತೆಗೆದಳು.